ಒಟ್ಟಿಗೆ ನುಂಗಿದ ಮಾತ್ರೆಗಳು

ಲ್ಯಾಬ್ ಟೆಕ್ನಿಷಿಯನ್ ಕೆಲಸಕ್ಕೆ ಸೇರುವವರಿಗೆ ಕಾಲೇಜಿನಲ್ಲಿ ಹೇಳಿಕೊಡದ ಸಂಗತಿ ಒಂದಿದೆ. ನಾವು ಮೈಕ್ರೋಸ್ಕೋಪು ನೋಡುತ್ತಿರುವಾಗ ರೋಗಿ ನಮ್ಮನ್ನು ನೋಡುತ್ತಿರುತ್ತಾನೆ. ಕಣ್ಣೆತ್ತಿದ ಕೂಡಲೇ, ರಿಪೋರ್ಟು ಬರೆಯುವ ಮೊದಲೇ, ನಮ್ಮ ಹುಬ್ಬು ತುಟಿಗಳನ್ನೆಲ್ಲ ಓದಿ ಮುಗಿಸಿರುತ್ತಾನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ಇದು ತಿಳಿಯದೆ, ಒಬ್ಬ ಮುದುಕ ನನ್ನ ಮುಖ ನೋಡಿಯೇ ರಿಪೋರ್ಟು ತೆಗೆದುಕೊಳ್ಳದೆ ಬಸ್ಸು ಹತ್ತಿ ಹೋಗಿಬಿಟ್ಟಿದ್ದ. ಅವನಿಗೆ ಇದ್ದದ್ದು ಬರೀ ಜಂತುಹುಳದ ತೊಂದರೆ. ನನಗೆ ಆ ದಿನ ತಲೆನೋವು.

ನಾನು ಬಹಳ ವರ್ಷ ಇದ್ದದ್ದು ಮೂಡಿಗೆರೆ ಮತ್ತು ಕಳಸದ ನಡುವಿನ ಒಂದು ಸಣ್ಣ ಸರಕಾರಿ ಆಸ್ಪತ್ರೆಯಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ಇಲ್ಲಿ ಬರುವವರ ಹೆಸರುಗಳನ್ನೂ ಬದಲಿಸಿದ್ದೇನೆ. ಅವರ ಮಕ್ಕಳು ಮೊಮ್ಮಕ್ಕಳು ಅಲ್ಲಿಯೇ ಇದ್ದಾರೆ, ಟಿ.ಬಿ. ಎನ್ನುವ ಮಾತು ಇವತ್ತಿಗೂ ಒಂದು ಮನೆಗೆ ಬರುವ ಸಂಬಂಧವನ್ನು ಗೇಟಿನಲ್ಲೇ ನಿಲ್ಲಿಸಬಲ್ಲದು.

ಈಗ ಕಫ ಪರೀಕ್ಷೆಗೆ ಯಂತ್ರ ಬಂದಿದೆ. ಡಬ್ಬಿಯಲ್ಲಿ ಹಾಕಿ ಒಳಗಿಟ್ಟರೆ ಉತ್ತರ ಅದೇ ಹೇಳುತ್ತದೆ. ತೊಂಬತ್ತರ ದಶಕದಲ್ಲಿ ನಮಗೆ ಇದ್ದದ್ದು ಒಂದೇ ಕಣ್ಣಿನ ಮೈಕ್ರೋಸ್ಕೋಪು, ಅದರ ಕೆಳಗೊಂದು ಕನ್ನಡಿ. ಕಿಟಕಿಯ ಬೆಳಕನ್ನು ಆ ಕನ್ನಡಿಯಲ್ಲಿ ಹಿಡಿದು ನೋಡಬೇಕು. ಆಷಾಢ ಶ್ರಾವಣದಲ್ಲಿ ಬೆಳಕು ಎಲ್ಲಿಂದ ತರುವುದು? ಕರೆಂಟು ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಮೋಡ ಒಂದು ಗಳಿಗೆ ಸರಿದರೆ ಊಟದ ಎಲೆಯಿಂದಲಾದರೂ ಎದ್ದು ಬಂದು ಸ್ಲೈಡು ನೋಡುತ್ತಿದ್ದೆ.

ಟಿ.ಬಿ. ಸ್ಲೈಡು ಮಾಡುವ ಕ್ರಮ ಗೊತ್ತಿಲ್ಲದವರಿಗೆ ಎರಡು ಮಾತು. ಕಫವನ್ನು ಗಾಜಿನ ಮೇಲೆ ತೆಳ್ಳಗೆ ಹರಡಿ ಒಣಗಿಸಿ ಅದರ ಮೇಲೆ ಕೆಂಪು ಬಣ್ಣ ಸುರಿಯಬೇಕು. ಕೆಳಗಿನಿಂದ ಸ್ಪಿರಿಟ್ ದೀಪ ಹಿಡಿದು ಆವಿ ಏಳುವಷ್ಟು ಬಿಸಿ ಮಾಡಬೇಕು, ಕುದಿಯಬಾರದು. ಆಮೇಲೆ ಆಸಿಡ್ಡಿನಲ್ಲಿ ತೊಳೆದರೆ ಉಳಿದದ್ದೆಲ್ಲ ಕೆಂಪು ಬಿಡುತ್ತದೆ, ಟಿ.ಬಿ. ಕ್ರಿಮಿ ಮಾತ್ರ ಬಿಡುವುದಿಲ್ಲ. ಕೊನೆಗೆ ನೀಲಿ ಬಣ್ಣ. ಲೆನ್ಸಿನ ಕೆಳಗೆ ನೀಲಿಯ ನಡುವೆ ಕೂದಲಿಗಿಂತ ಸಣ್ಣ ಕೆಂಪು ಕಡ್ಡಿಗಳು ಕಂಡರೆ ರೋಗ ಇದೆ ಎಂದು ಅರ್ಥ. ನೋಡಲು ಅವು ಚೆಂದವಾಗಿಯೇ ಇರುತ್ತವೆ. ಆ ಚೆಂದವೇ ನನಗೆ ಭಯ ಹುಟ್ಟಿಸುತ್ತಿತ್ತು.

ಒಮ್ಮೆ ಒಬ್ಬ ಶಾಲೆಯ ಟೀಚರಿಗೆ ರೋಗ ಇದೆ ಎಂದು ಬರೆದುಕೊಟ್ಟೆ. ಆಗ ತಾನೇ ವರ್ಗವಾಗಿ ಬಂದಿದ್ದ ಡಾಕ್ಟರ್ ಲೀಲಾವತಿಯವರಿಗೆ ಏನೋ ಅನುಮಾನ ಬಂದು ತಾವೇ ಸ್ಲೈಡು ನೋಡಿದರು. ಮಾತು ಕಡಿಮೆಯ ಹೆಂಗಸು.

"ಇದು ಕ್ರಿಮಿ ಅಲ್ಲ. ಬಣ್ಣದ ಹರಳು. ಬಣ್ಣ ಶೋಧಿಸಿದ್ರಾ?"

ಶೋಧಿಸಿರಲಿಲ್ಲ. ಸೀಸೆಯ ತಳದ ಹರಳುಗಳು ಕೆಂಪು ಕಡ್ಡಿಗಳಂತೆ ಕಂಡಿದ್ದವು. ಮತ್ತೆ ಮಾಡಿದಾಗ ಏನೂ ಇರಲಿಲ್ಲ. ಸಂತೋಷದಿಂದ ಟೀಚರಿಗೆ ಹೇಳಿದರೆ ಅವರು, "ಸಾರ್, ನಮ್ಮನೇಲಿ ಆಗ್ಲೇ ನನ್ ತಟ್ಟೆ ಬೇರೆ ಇಟ್ಟಾಯ್ತು. ಈಗ ಇಲ್ಲ ಅಂದ್ರೆ ನಂಬ್ತಾರಾ?" ಎಂದರು. ಆ ದಿನದಿಂದ ಬಣ್ಣವನ್ನು ಶೋಧಿಸದೆ ನಾನು ಮುಟ್ಟಲಿಲ್ಲ. ನೀವೂ ಮುಟ್ಟಬೇಡಿ.

ನನ್ನ ಕೆಮ್ಮು ಶುರುವಾದದ್ದು ಹೊಸ ಕ್ರಮದ ಚಿಕಿತ್ಸೆ ನಮ್ಮ ಕಡೆಗೆ ಬಂದ ಹೊಸತರಲ್ಲಿ. ಅದಕ್ಕೆ ಮುಂಚೆ ಟಿ.ಬಿ. ರೋಗಿಗಳಿಗೆ ತಿಂಗಳ ಮಾತ್ರೆ ಕಟ್ಟಿ ಮನೆಗೆ ಕಳಿಸುತ್ತಿದ್ದರು. ಅವರು ನುಂಗಿದರೋ, ಹಂಚಿನ ಸಂದಿಗೆ ಸಿಕ್ಕಿಸಿಟ್ಟರೋ ಯಾರಿಗೆ ಗೊತ್ತು. ಹೊಸ ಕ್ರಮದಲ್ಲಿ ದಿನ ಬಿಟ್ಟು ದಿನ ಆಸ್ಪತ್ರೆಗೇ ಬಂದು ಸಿಸ್ಟರ್ ಎದುರಿಗೆ ನುಂಗಬೇಕು. ಒಬ್ಬೊಬ್ಬ ರೋಗಿಗೂ ಅವನದೇ ಹೆಸರಿನ ಒಂದು ಪೆಟ್ಟಿಗೆ.

ಸಂಜೆಯ ಹೊತ್ತಿಗೆ ಸಣ್ಣ ಜ್ವರ, ಬೆಳಗಿನ ಜಾವ ಬೆವರು, ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲ. ಬೇರೆಯವರು ಬಂದು ಇದನ್ನೇ ಹೇಳಿದ್ದರೆ ಕೈಗೆ ಡಬ್ಬಿ ಕೊಟ್ಟು ಕಫ ತನ್ನಿ ಎನ್ನುತ್ತಿದ್ದೆ. ನನಗೆ ನಾನು ಹೇಳಿಕೊಂಡದ್ದು, ಚಳಿಗಾಲ, ಮಾಮೂಲು ಶೀತ. ಹೀಗೆ ಎಷ್ಟೋ ವಾರ ಕಳೆದೆ. ಒಂದು ಸಂಜೆ ಮಗಳು ಚೈತ್ರ ಕೆಮ್ಮಿದಳು. ಅವಳಿಗೆ ಆಗಿನ್ನೂ ಶಾಲೆಗೆ ಸೇರುವ ವಯಸ್ಸಾಗಿರಲಿಲ್ಲ. ದಿನಾ ನನ್ನ ಎದೆಯ ಮೇಲೆ ಮಲಗಿ ನಿದ್ದೆ ಹೋಗುವ ಮಗು.

ಮರುದಿನ ಯಾರೂ ಬರುವ ಮೊದಲೇ ಲ್ಯಾಬಿಗೆ ಹೋಗಿ ನನ್ನ ಕಫದ ಸ್ಲೈಡು ಮಾಡಿದೆ. ಬಣ್ಣ ಮೇಜಿನ ಮೇಲೆಲ್ಲ ಚೆಲ್ಲಿತು. ಎಣ್ಣೆಯ ಹನಿ ಹಾಕಿ ಲೆನ್ಸು ಇಳಿಸಿದೆ. ಹುಡುಕಬೇಕಾಗಲಿಲ್ಲ. ನೀಲಿಯ ತುಂಬ ಕೆಂಪು ಕಡ್ಡಿಗಳು, ಯಾರೋ ಒಂದು ಹಿಡಿ ಚೆಲ್ಲಿದ ಹಾಗೆ.

ಹರಳೇ ಇರಬೇಕು ಅಂದುಕೊಂಡೆ. ಅಂದುಕೊಂಡೆ ಎನ್ನುವುದಕ್ಕಿಂತ ಹರಳಾಗಿರಲಿ ಎಂದು ಬೇಡಿಕೊಂಡೆ. ಬಣ್ಣವನ್ನು ಹೊಸ ಕಾಗದದಲ್ಲಿ ಶೋಧಿಸಿ ಇನ್ನೊಂದು ಸ್ಲೈಡು ಮಾಡಿದೆ. ಅದರಲ್ಲೂ ಅಷ್ಟೇ ಇದ್ದವು.

ಡಾಕ್ಟರ್ ಲೀಲಾವತಿ ಬಂದಾಗ ಸ್ಲೈಡು ಮೈಕ್ರೋಸ್ಕೋಪಿನ ಕೆಳಗಿಟ್ಟು ಪಕ್ಕಕ್ಕೆ ಸರಿದೆ. ನೋಡಿ, "ತುಂಬಾ ಇದೆ. ಯಾರದ್ದು?" ಎಂದರು.

"ನಂದೇ ಮೇಡಂ."

ಅವರು ಕಣ್ಣನ್ನು ಲೆನ್ಸಿನಿಂದ ತೆಗೆಯಲಿಲ್ಲ. ನನ್ನ ಕಡೆ ತಿರುಗಲು ಅವರಿಗೂ ಸ್ವಲ್ಪ ಹೊತ್ತು ಬೇಕಾಗಿತ್ತು ಎಂದು ಆಮೇಲೆ ಅನಿಸಿತು.

"ಮನೇಲಿ ಮಗು ಇದೆ ಅಲ್ವಾ?"

"ಇದಾಳೆ."

"ಇವತ್ತೇ ಚಿಕ್ಕಮಗಳೂರಿಗೆ ಕರ್ಕೊಂಡು ಹೋಗಿ ಎಕ್ಸರೇ ತೆಗ್ಸಿ. ಲ್ಯಾಬ್ ಬೀಗದಕೈ ಇಲ್ಲಿಡಿ."

ಮನೆಗೆ ಹೋಗಿ ಹೆಂಡತಿ ಸುಮಿತ್ರಳಿಗೆ ಹೇಳಲು ಬಾಗಿಲಲ್ಲೇ ನಿಂತೆ. ಒಳಗೆ ಹೋಗಲು ಧೈರ್ಯ ಬರಲಿಲ್ಲ. "ಎಂತ ಆಯ್ತು? ಒಳಗ್ ಬನ್ನಿ" ಎಂದಳು. ಹೇಳಿದೆ. ಅವಳು ಅಳಲಿಲ್ಲ. ಒಲೆ ಆರಿಸಿ, ಮಗುವಿಗೆ ಸ್ವೆಟರ್ ಹಾಕಿ, ಬಸ್ಸಿಗೆ ಹೊರಟೇಬಿಟ್ಟಳು. ಬಸ್ಸಿನಲ್ಲಿ ಅವರಿಬ್ಬರು ಮುಂದೆ, ನಾನು ಹಿಂದಿನ ಸೀಟಿನ ಕಿಟಕಿ ತೆರೆದುಕೊಂಡು ಮುಖಕ್ಕೆ ಟವೆಲು ಕಟ್ಟಿ ಕುಳಿತಿದ್ದೆ. ಚೈತ್ರ ಸೀಟಿನ ಮೇಲೆ ನಿಂತು "ಅಪ್ಪ, ಇಲ್ಲಿ ಬಾ" ಎಂದು ಕೈಚಾಚಿ ಕರೆಯುತ್ತಲೇ ಇದ್ದಳು. ಮೂಡಿಗೆರೆ ದಾಟುವವರೆಗೂ ಕರೆದಳು. ಆಮೇಲೆ ನಿಲ್ಲಿಸಿದಳು.

ಅವಳ ಎಕ್ಸರೇಯಲ್ಲಿ ಏನೂ ಇರಲಿಲ್ಲ. ಆದರೂ ರೋಗ ಬಾರದ ಹಾಗೆ ಕೆಲವು ತಿಂಗಳು ಅವಳೂ ಒಂದು ಮಾತ್ರೆ ನುಂಗಬೇಕಾಯಿತು. ಸಕ್ಕರೆಯಲ್ಲಿ ಅದನ್ನು ಪುಡಿಮಾಡುವ ಚಮಚದ ಸದ್ದು ಹೊರಗಿನ ಕೋಣೆಯಲ್ಲಿ ಮಲಗಿದ್ದ ನನಗೆ ಕೇಳುತ್ತಿತ್ತು.

ನಾನು ಮಾತ್ರೆ ಶುರುಮಾಡಿದ ಕೆಲವೇ ದಿನಗಳಲ್ಲಿ, ಹಲ್ಲುಜ್ಜುತ್ತಿದ್ದಾಗ ಕೆಮ್ಮು ಬಂದು ಬಚ್ಚಲು ಕೆಂಪಾಯಿತು. ಅಷ್ಟು ರಕ್ತ ನನ್ನೊಳಗಿನಿಂದ ಬಂದದ್ದು ಎಂದು ನಂಬಲಾಗಲಿಲ್ಲ. ಸುಮಿತ್ರ ಓಡಿಹೋಗಿ ರಸ್ತೆಯಲ್ಲಿ ಹೋಗುತ್ತಿದ್ದ ಜೀಪೊಂದನ್ನು ನಿಲ್ಲಿಸಿದಳು. ಅದು ಪೇಟೆಯಲ್ಲಿ ಜೀಪ್ ರಿಪೇರಿ ಮಾಡುವ ಇಬ್ರಾಹಿಂ ಕಾಕನದು. ಅವರೂ ಟಿ.ಬಿ. ರೋಗಿ, ಅವರ ಸ್ಲೈಡು ನಾನೇ ನೋಡಿದ್ದು. ಚಿಕ್ಕಮಗಳೂರಿನವರೆಗೆ ಅವರು ಆಡಿದ್ದು ಒಂದೇ ಮಾತು: "ಮಾತಾಡ್ಬೇಡಿ ಸಾರ್, ಉಸ್ರು ಮೆಲ್ಲ ತಗೊಳ್ಳಿ. ನಾನುಂಟು."

ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ಮಲಗಿಸಿದ ಮೇಲೆ ರಕ್ತ ನಿಂತಿತು. ಅದರ ಬೆನ್ನಿಗೇ ಮಾತ್ರೆಗಳಿಂದ ಕಾಮಾಲೆ ಬಂತು. ಕಣ್ಣು ಅರಿಶಿನವಾಯಿತು, ಮಾತ್ರೆಗಳನ್ನೆಲ್ಲ ನಿಲ್ಲಿಸಿದರು. ಆ ದಿನಗಳ ಹೆದರಿಕೆಯನ್ನು ಹೇಗೆ ಬರೆಯಲಿ? ಮಾತ್ರೆ ನುಂಗಿದರೆ ಲಿವರ್ ಹೋಗುತ್ತದೆ, ನುಂಗದಿದ್ದರೆ ಶ್ವಾಸಕೋಶ ಹೋಗುತ್ತದೆ. ಓದಿಕೊಂಡದ್ದೆಲ್ಲ ಆಗ ವೈರಿಯಾಯಿತು. ಪಕ್ಕದ ಮಂಚದವನು ಏನೂ ತಿಳಿಯದೆ ಗೊರಕೆ ಹೊಡೆಯುತ್ತಿದ್ದರೆ, ನಾನು ನನ್ನ ಒಂದೊಂದು ಉಸಿರಿನ ಕೊನೆಯಲ್ಲಿ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯುತ್ತಿದ್ದೆ. ಕಾಮಾಲೆ ಇಳಿದ ಮೇಲೆ ಒಂದೊಂದಾಗಿ ಮಾತ್ರೆ ಮತ್ತೆ ಶುರುಮಾಡಿ ಊರಿಗೆ ಕಳಿಸಿದರು.

ಹೀಗೆ ನಾನು ನನ್ನದೇ ಆಸ್ಪತ್ರೆಯ ಹಿಂದಿನ ಜಗಲಿಯ ಬೆಂಚಿಗೆ ಬಂದೆ. ಟಿ.ಬಿ.ಯವರನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಿರಲಿಲ್ಲ. ಗಾಳಿಯಾಡಲಿ ಎಂದು ಜಗಲಿಯ ಹಿಂಭಾಗದಲ್ಲಿ ಬೆಂಚು ಹಾಕಿಸಿದವನು ನಾನೇ. ಅಲ್ಲಿ ನಾವು ನಾಲ್ವರು. ಇಬ್ರಾಹಿಂ ಕಾಕ. ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುವ ಗಿರಿಜಮ್ಮ, ಗಂಡ ಇಲ್ಲದ ಐವತ್ತರ ಹೆಂಗಸು. ಬಾಳೂರು ಕಡೆಯ ತೋಟವೊಂದರಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಸುರೇಶ, ಮದುವೆಯ ವಯಸ್ಸಿನವನು. ಮತ್ತು ನಾನು.

ಒಬ್ಬರನ್ನೊಬ್ಬರು ನೋಡದೆ ಕುಳಿತಿರುತ್ತಿದ್ದೆವು. ಗಿರಿಜಮ್ಮ ಒಂದು ದಿನ ನನ್ನ ಹತ್ತಿರ ಸರಿದು ಮೆಲ್ಲಗೆ, "ಲ್ಯಾಬಣ್ಣ, ಒಂದಕ್ಕೆ ಹೋದ್ರೆ ಕೆಂಪಗೆ ಬರ್ತೈತೆ. ನಾನು ಉಳಿಯಾಕಿಲ್ಲ ಅನ್ಸುತ್ತೆ" ಎಂದಳು. ಅದು ಮಾತ್ರೆಯ ಬಣ್ಣ, ರಕ್ತ ಅಲ್ಲ, ನನಗೂ ಹಾಗೇ ಬರುತ್ತದೆ ಎಂದೆ. ಪಕ್ಕದಲ್ಲಿದ್ದ ಇಬ್ರಾಹಿಂ ಕಾಕ ಉಸಿರು ಬಿಟ್ಟು, "ಅಲ್ಲಾ, ನಾನು ಇಷ್ಟು ದಿನ ಯಾರಿಗೂ ಹೇಳ್ಲಿಲ್ಲ ಮಾರಾಯ್ರೆ" ಎಂದರು. ಸುರೇಶ ತಲೆತಗ್ಗಿಸಿ ನಕ್ಕ. ಮೂವರೂ ಒಂದೇ ಭಯವನ್ನು ಬೇರೆ ಬೇರೆಯಾಗಿ ಹೊತ್ತುಕೊಂಡಿದ್ದರು.

ಕಾಮಾಲೆಯ ನಂತರ ಮಾತ್ರೆ ಕಂಡರೆ ನನ್ನ ಗಂಟಲು ಮುಚ್ಚಿಕೊಳ್ಳುತ್ತಿತ್ತು. ಒಂದು ಬೆಳಿಗ್ಗೆ ಅಂಗೈಯಲ್ಲಿ ಹಿಡಿದು ಕುಳಿತವನಿಗೆ ಬಾಯಿಗೆ ಹಾಕಲು ಆಗಲೇ ಇಲ್ಲ. ಒಂದು ಮಾತ್ರೆ ಕೈಜಾರಿ ನೆಲಕ್ಕೆ ಬಿತ್ತು. ಸಿಸ್ಟರ್ ಬೇರೆ ತರಲು ಒಳಗೆ ಹೋದರು. ಇಬ್ರಾಹಿಂ ಕಾಕ ತಮ್ಮ ಮಾತ್ರೆಗಳನ್ನು ಬಾಯಿಯವರೆಗೆ ಒಯ್ದವರು ಕೈ ಇಳಿಸಿದರು.

"ನೀವು ತಗೊಳ್ಳುವವರೆಗೆ ನಾನೂ ಇಲ್ಲ. ಒಟ್ಟಿಗೆ ನುಂಗುವ."

ಗಿರಿಜಮ್ಮ, "ಸುಮ್ನೆ ನುಂಗಾದು ಬ್ಯಾಡ. ಮೊದ್ಲು ನಾಕು ಉಸ್ರು ಎಳ್ಕಳಾಣ. ನಾನು ಅಮ್ಮನ ಹೆಸ್ರು ಹೇಳ್ಕತೀನಿ, ಕಾಕ ಅವ್ರ ದ್ಯಾವ್ರನ್ನ ಹೇಳ್ಕಳ್ಳಲಿ" ಎಂದಳು. ಅವಳ ಅಮ್ಮ ಎಂದರೆ ಹೊರನಾಡಿನ ಅನ್ನಪೂರ್ಣೆ.

"ನಾನು ಯಾರನ್ನ ಹೇಳ್ಕೊಳ್ಲಿ?" ಎಂದೆ. ನಾನು ದೇವರಿಗೆ ಕೈಮುಗಿಯುತ್ತಿದ್ದೆನೇ ಹೊರತು ಕುಳಿತು ಪ್ರಾರ್ಥಿಸಿದವನಲ್ಲ.

"ನೀವು ಉಸ್ರನ್ನೇ ನೋಡ್ಕಳಿ. ಅದೂ ಅವಳದ್ದೇ."

ನಾಲ್ವರೂ ಕಣ್ಣುಮುಚ್ಚಿ ಉಸಿರೆಳೆದೆವು. ಎಳೆಯುವಾಗ ಯಾರಿಗೋ ಕೆಮ್ಮು ಬಂತು, ಉಳಿದವರು ಕಾದೆವು. ಇಬ್ರಾಹಿಂ ಕಾಕ ಬಿಸ್ಮಿಲ್ಲಾ ಅಂದದ್ದು ಕೇಳಿಸಿತು. ಆಮೇಲೆ ಒಟ್ಟಿಗೆ ನುಂಗಿದೆವು. ನನ್ನ ಗಂಟಲಲ್ಲಿ ಅದು ಇಳಿಯಿತು.

ಮುಂದಿನ ಸಲವೂ ಹಾಗೇ ಮಾಡಿದೆವು. ಯಾರೂ ನಿಯಮ ಮಾಡಲಿಲ್ಲ, ತಾನಾಗಿ ಬೆಳೆಯಿತು. ಮಾತ್ರೆ ವಾಂತಿಯಾಗದಿರಲಿ ಎಂದು ನುಂಗಿದ ಮೇಲೆ ಅರ್ಧ ಗಂಟೆ ಕುಳಿತಿರಬೇಕಿತ್ತು. ಆ ಹೊತ್ತಿನಲ್ಲಿ ಒಬ್ಬೊಬ್ಬರು ಒಂದೊಂದು ಮಾತು ಹೇಳುವುದು, ಆ ದಿನ ಏನು ಸಿಕ್ಕಿತು ಅಂತ. ಇಬ್ರಾಹಿಂ ಕಾಕ, "ಇವತ್ತು ಮಸೀದಿ ಮೆಟ್ಲು ಎಲ್ಲಿಯೂ ನಿಲ್ಲದೆ ಹತ್ತಿದೆ. ಅಲ್‌ಹಮ್ದುಲಿಲ್ಲಾ" ಎನ್ನುವರು. ಗಿರಿಜಮ್ಮ, "ರಾತ್ರಿ ಅನ್ನ ರುಚಿ ಹತ್ತಿತು" ಎನ್ನುವಳು. ಸುರೇಶ ತನ್ನ ಸರದಿ ಬಂದಾಗ ತಲೆಯಾಡಿಸಿ ಸುಮ್ಮನಿರುತ್ತಿದ್ದ. ಮೊದಮೊದಲು ನಾನೂ ಸುಮ್ಮನಿದ್ದೆ. ನನಗೆ ಸಿಕ್ಕಿದ್ದು ಭಯ ಒಂದೇ, ಅದನ್ನು ಹೇಗೆ ಹೇಳುವುದು ಅನಿಸುತ್ತಿತ್ತು.

ಬಹಳ ಚಳಿ ಇದ್ದ ಒಂದು ಬೆಳಿಗ್ಗೆ ಉಸಿರೆಳೆದು ಬಿಟ್ಟು ಕಣ್ಣು ತೆರೆದೆ. ಎದುರಿನ ಸಿಲ್ವರ್ ಓಕ್ ಮರಗಳ ಸಂದಿಯಿಂದ ಬಿಸಿಲು ಓರೆಯಾಗಿ ಜಗಲಿಗೆ ಬಿದ್ದಿತ್ತು. ಆ ಬಿಸಿಲಿನಲ್ಲಿ ನಾಲ್ವರ ಬಾಯಿಂದಲೂ ಹೊಗೆಯಂತೆ ಉಸಿರು ಹೊರಡುತ್ತಿತ್ತು. ನನ್ನ ಜೀವ ಹಾರಿತು. ಊರೆಲ್ಲ ಹೆದರುತ್ತಿದ್ದದ್ದು ಇದಕ್ಕೇ. ಸುಮಿತ್ರ ನನ್ನ ಕೋಣೆಯ ಬಾಗಿಲಲ್ಲಿ ಅನ್ನದ ತಟ್ಟೆ ಇಟ್ಟು ಹೋಗುತ್ತಿದ್ದದ್ದು, ಹೋಟೆಲಿನವನು ನನಗೆ ಕಾಗದದ ಲೋಟದಲ್ಲಿ ಕಾಫಿ ಕೊಡುತ್ತಿದ್ದದ್ದು ಇದೇ ಉಸಿರಿಗೆ ಹೆದರಿ. ಈಗ ಅದು ಕಣ್ಣಿಗೇ ಕಾಣುತ್ತಿದೆ. ನಾಲ್ಕು ಉಸಿರುಗಳೂ ಒಂದರೊಳಗೊಂದು ಸೇರಿ ಜಗಲಿಯ ಅಂಚಿನಲ್ಲಿ ಕರಗಿ ಹೋಗುತ್ತಿದ್ದವು. ಯಾರೂ ಹಿಂದೆ ಸರಿಯಲಿಲ್ಲ. ಗಿರಿಜಮ್ಮ ಮಗುವಿನಂತೆ ಇನ್ನೊಮ್ಮೆ ಊದಿ ನೋಡಿ ನಕ್ಕಳು.

ಆ ದಿನ ಸರದಿ ಬಂದಾಗ, "ನಂಗೆ ಉಸ್ರು ಕಾಣ್ತು" ಎಂದೆ. ಇಷ್ಟು ವರ್ಷ ಲೆನ್ಸಿನಲ್ಲಿ ರೋಗವನ್ನೇ ನೋಡಿದ ಕಣ್ಣಿಗೆ, ಅಷ್ಟೆಲ್ಲ ಹರಿದುಹೋದ ಎದೆಯೂ ನಾನು ಕೇಳದೆಯೇ ಗಾಳಿಯನ್ನು ಎಳೆದು ಬಿಡುತ್ತಿರುವುದು ಮೊದಲ ಬಾರಿಗೆ ಕಂಡಿತ್ತು. ಭಯ ಹೋಯಿತು ಎನ್ನುವುದಿಲ್ಲ. ಭಯದ ಪಕ್ಕದಲ್ಲಿ ಇನ್ನೊಂದು ಬಂದು ಕುಳಿತಿತು.

ಜಿಲ್ಲೆಯಿಂದ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ನಾವು ಕಣ್ಣುಮುಚ್ಚಿ ಕುಳಿತದ್ದು ನೋಡಿ ಸಿಡುಕಿದರು. "ಇದೇನು ಆಸ್ಪತ್ರೆನಾ ಭಜನೆ ಮಂದಿರನಾ? ಯಾರ ಆರ್ಡರು ಇದಕ್ಕೆ?"

ಡಾಕ್ಟರ್ ಲೀಲಾವತಿ ಪ್ರಾರ್ಥನೆಯಲ್ಲಿ ನಂಬಿಕೆ ಇದ್ದವರಲ್ಲ. "ಆರ್ಡರ್ ಏನಿಲ್ಲ ಸಾರ್. ಬೇರೆ ಕಡೆ ಮಾತ್ರೆಗೆ ಜನ ಬರಲ್ಲ ಅಂತೀರಿ, ಇಲ್ಲಿ ಇವ್ರು ನಾನು ಬರೋ ಮೊದ್ಲೇ ಬಂದು ಕೂತಿರ್ತಾರೆ. ನಾನು ಯಾಕೆ ಎಬ್ಬಿಸ್ಲಿ?" ಎಂದರು. ಅಧಿಕಾರಿ ಮುಂದಿನ ಕೋಣೆಗೆ ಹೋದರು. ಮೇಲಧಿಕಾರಿಗಳ ಬಗ್ಗೆ ನಮ್ಮಂಥವರಿಗೆ ದೂರುಗಳೇ ಹೆಚ್ಚು. ಹಾಗಾಗಿ ಡಾಕ್ಟರ್ ನಮ್ಮ ಪರ ನಿಂತದ್ದನ್ನು ಬರೆದಿಡಬೇಕು ಅನಿಸಿತು.

ಎರಡು ತಿಂಗಳ ನಂತರದ ನನ್ನ ಸ್ಲೈಡನ್ನು ಡಾಕ್ಟರೇ ನೋಡಿದರು. ಕ್ರಿಮಿ ಇರಲಿಲ್ಲ. "ಇನ್ನು ನಿಮ್ಮಿಂದ ಯಾರಿಗೂ ಬರಲ್ಲ. ಮಗೂನ ಎತ್ಕೊಳ್ಳಿ" ಎಂದರು. ಪುಸ್ತಕದಲ್ಲಿಯೂ ಹಾಗೇ ಇತ್ತು. ಬೇರೆಯವರಿಗೆ ನಾನೇ ಎಷ್ಟೋ ಸಲ ಹೇಳಿದ್ದೆ. ಆದರೂ ಚೈತ್ರ ಹತ್ತಿರ ಬಂದರೆ ಎದ್ದು ಅಂಗಳಕ್ಕೆ ಹೋಗುತ್ತಿದ್ದೆ. ಸುಮಿತ್ರ, "ಡಾಕ್ಟ್ರು ಹೇಳಿದ್ದು ನಿಮ್ಗೆ ಸಾಕಾಗಲ್ವಾ?" ಎಂದು ಕೇಳಿದಳು. ಮಗು ಈಗ ನನ್ನನ್ನು ಕರೆಯುವುದನ್ನೇ ಬಿಟ್ಟಿತ್ತು, ಬಾಗಿಲ ಪಕ್ಕ ನಿಂತು ನೋಡಿ ಹೋಗುತ್ತಿತ್ತು.

ಆ ಹೊತ್ತಿಗೇ ಸುರೇಶ ಬರುವುದನ್ನು ನಿಲ್ಲಿಸಿದ. ಒಂದು ಸಲ ತಪ್ಪಿತು, ಎರಡನೆಯದೂ ತಪ್ಪಿತು. ಅರ್ಧಕ್ಕೆ ಬಿಟ್ಟ ಮಾತ್ರೆ ಎಷ್ಟು ಅಪಾಯ ಎಂದು ನನಗೆ ಗೊತ್ತಿತ್ತು. ಉಳಿದ ಕ್ರಿಮಿ ಮಾತ್ರೆಗೆ ಬಗ್ಗದ ಹಾಗಾಗುತ್ತದೆ. ಇಬ್ರಾಹಿಂ ಕಾಕನ ಜೀಪಿನಲ್ಲಿ ಇಬ್ಬರೂ ಬಾಳೂರಿನ ಕಡೆಗೆ ಹೋದೆವು. ಆಳುಗಳ ಸಾಲುಮನೆಗಳ ಲೈನಿನ ಕೊನೆಯಲ್ಲಿ ಅವನ ಮನೆ. ಅವನು ಮನೆಯಲ್ಲಿಲ್ಲ ಎಂದು ತಾಯಿ ಹೇಳಿದರು. ಚಪ್ಪಲಿ ಬಾಗಿಲಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಅವನೇ ಹೊರಗೆ ಬಂದ.

"ನಂಗೆ ಗುಣ ಆಯ್ತು ಸಾರ್. ಕೆಮ್ಮೂ ಇಲ್ಲ, ಎಂತದೂ ಇಲ್ಲ."

"ಗುಣ ಆದ ಹಾಗೆ ಕಾಣ್ತದೆ ಅಷ್ಟೆ. ಇನ್ನೂ ಮಾತ್ರೆ ಬಾಕಿ ಇದೆ."

"ಕೊಪ್ಪದ ಕಡೆಯಿಂದ ಹೆಣ್ಣಿನವ್ರು ಬರ್ತಿದ್ದಾರೆ. ಆ ಬೆಂಚಲ್ಲಿ ಕೂತದ್ದು ಯಾರಾದ್ರೂ ಹೇಳಿದ್ರೆ ಮುಗೀತು. ದಮ್ಮಯ್ಯ, ನೀವು ಇಲ್ಲಿಗೂ ಬರ್ಬೇಡಿ."

ನಾನು ಲ್ಯಾಬಿನ ಭಾಷೆಯಲ್ಲಿ ಶುರುಮಾಡಿದೆ. ಮತ್ತೆ ರಕ್ತ ಬರುತ್ತದೆ, ಆಗ ಮಾತ್ರೆ ನಾಟುವುದಿಲ್ಲ, ನಿನ್ನ ಹೆಂಡತಿಗೂ ಬರುತ್ತದೆ ಎಂದೆಲ್ಲ ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮುಂದಿನ ಸಲ ಬೆಂಚಿನಲ್ಲಿ ಗಿರಿಜಮ್ಮ ಎಲ್ಲ ಕೇಳಿಸಿಕೊಂಡು, "ಹೆದ್ರಿಸಿದ್ರಾ?" ಎಂದಳು.

"ಹೆದ್ರಿಸ್ದೆ. ಹೆದರ್ಬೇಕಾದದ್ದೇ ಅಲ್ವಾ?"

"ಅವನು ಓಡಿರಾದೇ ಹೆದ್ರಿ ಕಣಣ್ಣ. ಅದ್ನೇ ಇನ್ನಷ್ಟು ಕೊಟ್ಟು ಬಂದ್ರಾ? ನೀವು ಮಗೀನ ಎತ್ಕಂಡ್ರಾ ಇಲ್ವಾ?"

ಅವಳಿಗೆ ಅದನ್ನು ಯಾರು ಹೇಳಿದರೋ ತಿಳಿಯದು. ಸುಮಿತ್ರ ಹೇಳಿರಬೇಕು. ನಾನು ಇಲ್ಲ ಎಂದು ತಲೆಯಾಡಿಸಿದೆ. "ಇವತ್ತು ಮನೇಲಿ ಕೂತ್ಕಳಿ, ಇಲ್ಲಿ ಕೂತಂಗೆ. ನಾವೂ ಅದೇ ಹೊತ್ಗೆ ಕೂತಿರ್ತೀವಿ" ಎಂದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯ ಜಗಲಿಯಲ್ಲಿ ಕಣ್ಣುಮುಚ್ಚಿ ಕುಳಿತೆ. ಪೇಟೆಯ ಗ್ಯಾರೇಜಿನಲ್ಲಿ ಒಬ್ಬರು, ಎಸ್ಟೇಟಿನ ಲೈನಿನಲ್ಲಿ ಒಬ್ಬಳು ನನ್ನ ಜೊತೆ ಉಸಿರೆಳೆಯುತ್ತಿದ್ದಾರೆ ಎಂದು ಗೊತ್ತಿತ್ತು. ಯಾರೋ ಪಕ್ಕಕ್ಕೆ ಬಂದು ಕುಳಿತ ಹಾಗಾಯಿತು. ಚೈತ್ರ. ನಾನು ಏಳಲಿಲ್ಲ. ಅವಳೂ ಕಣ್ಣುಮುಚ್ಚಿಕೊಂಡು ನಾನು ಮಾಡಿದ ಹಾಗೆ ಗಟ್ಟಿಯಾಗಿ ಉಸಿರೆಳೆದು ಬಿಟ್ಟಳು. ಆಮೇಲೆ ಹತ್ತಿ ನನ್ನ ತೊಡೆಯ ಮೇಲೆ ಕುಳಿತಳು. ಅವಳ ತಲೆಯ ಕೊಬ್ಬರಿ ಎಣ್ಣೆಯ ವಾಸನೆ ನನ್ನ ಒಳಗೆ ಹೋಯಿತು. ಒಳಗಿನಿಂದ ಸುಮಿತ್ರ ಬಂದು ಬಾಗಿಲಲ್ಲಿ ನಿಂತಳು. ಬಹಳ ಹೊತ್ತು ನಾನು ಅಳುತ್ತಿದ್ದೆ ಎಂದು ಆಮೇಲೆ ಅವಳೇ ಹೇಳಿದ್ದು.

ಸುರೇಶನ ಹತ್ತಿರ ನಾನು ಮತ್ತೆ ಹೋಗಲಿಲ್ಲ. ಆ ಕಡೆ ಹಣ್ಣು ಕೊಯ್ಯಲು ಹೋಗುವ ಹೆಂಗಸರ ಹತ್ತಿರ ಗಿರಿಜಮ್ಮ ಮಾತು ಕಳಿಸುತ್ತಿದ್ದಳು. ಮಾತ್ರೆಯ ಸುದ್ದಿಯಿಲ್ಲ, ಬೈಗುಳವಿಲ್ಲ. "ನಾವು ಕೂರ್ತಾ ಇದೀವಿ ಅಂತ ಹೇಳಿ" ಎಂದಷ್ಟೇ. ಸಿಸ್ಟರು, ಡಾಕ್ಟರು ಹೋಗಿ ಕರೆದರೂ ಅವನು ಬರಲಿಲ್ಲ. ನಮ್ಮ ಚಿಕಿತ್ಸೆ ಒಬ್ಬೊಬ್ಬರದಾಗಿ ಮುಗಿಯಿತು. ಮೂವರ ಕೊನೆಯ ಸ್ಲೈಡುಗಳೂ ಚೊಕ್ಕವಾಗಿದ್ದವು. ಆದರೂ ವಾರಕ್ಕೊಮ್ಮೆ ಆ ಬೆಂಚಿಗೆ ಬರುವುದನ್ನು ಬಿಡಲಿಲ್ಲ. ಹೊಸದಾಗಿ ಮಾತ್ರೆ ಶುರುವಾದವರು ಮೂಲೆಯಲ್ಲಿ ನಡುಗುತ್ತ ಕುಳಿತಿದ್ದರೆ ಇಬ್ರಾಹಿಂ ಕಾಕ ಹೋಗಿ ಪಕ್ಕದಲ್ಲಿ ಕೂರುತ್ತಿದ್ದರು.

ಲ್ಯಾಬಿನ ಬೀಗದಕೈ ಮತ್ತೆ ಕೈಗೆ ಬಂದಾಗ ನನಗೆ ಒಳಗೆ ಕಾಲಿಡಲು ಆಗಲಿಲ್ಲ. ಇದೇ ಕೋಣೆಯಿಂದಲೇ ನನಗೆ ಅಂಟಿದ್ದಿರಬೇಕು. ಡಾಕ್ಟರ್ ಕಿಟಕಿ ದೊಡ್ಡದು ಮಾಡಿಸಿದ್ದರು, ಮೇಜನ್ನು ಗಾಳಿಗೆ ಅಡ್ಡವಾಗಿ ತಿರುಗಿಸಿದ್ದರು, ಮುಖಕ್ಕೆ ಕಟ್ಟುವ ಬಟ್ಟೆ ತರಿಸಿದ್ದರು. ಹೊಸಬರಿಗೆ ಹೇಳುತ್ತೇನೆ: ಬಟ್ಟೆ ಕಟ್ಟದೆ ಡಬ್ಬಿ ತೆರೆಯಬೇಡಿ, ಕಿಟಕಿ ಮುಚ್ಚಬೇಡಿ, ನಿಮ್ಮ ಕೆಮ್ಮನ್ನು ಬೇರೆಯವರ ಕೆಮ್ಮಿನಂತೆಯೇ ನೋಡಿ. ನಾಚಿಕೆ ಬೇಡ. ನಾನು ಪ್ರತಿ ಡಬ್ಬಿ ತೆರೆಯುವ ಮೊದಲು ಕಿಟಕಿಯ ಕಡೆ ತಿರುಗಿ ಒಂದು ಉಸಿರೆಳೆದು ಬಿಡುತ್ತಿದ್ದೆ. ಅದು ನಿವೃತ್ತಿಯ ದಿನದವರೆಗೂ ಉಳಿಯಿತು.

ಮುಂದಿನ ವರ್ಷ ಮಳೆ ಹಿಡಿಯುವ ಹೊತ್ತಿಗೆ ಸುರೇಶ ಬಂದ. ಗುರುತು ಹಿಡಿಯಲು ಕಷ್ಟವಾಯಿತು. ಕೊಡೆ ಹಿಡಿದುಕೊಳ್ಳುವ ಶಕ್ತಿಯೂ ಇಲ್ಲದೆ ತಾಯಿಯ ಹೆಗಲು ಹಿಡಿದಿದ್ದ. ಸಂಬಂಧ ಮುರಿದಿತ್ತು, ರಕ್ತ ಬಂದಿತ್ತು. "ಸಾರ್, ತಪ್ಪಾಯ್ತು" ಎಂದ. ತಪ್ಪಿನ ಮಾತು ಬೇಡ, ಕಫ ಕೊಡು ಎಂದೆ.

ಆ ಸ್ಲೈಡು ನೋಡುವಾಗ ಆದ ಭಯ ನನ್ನ ಸ್ವಂತ ಸ್ಲೈಡಿನದಕ್ಕಿಂತ ಕಡಿಮೆ ಇರಲಿಲ್ಲ. ಕೆಂಪು ಕಡ್ಡಿಗಳು ಗುಂಪುಗುಂಪಾಗಿದ್ದವು. ಮಾತ್ರೆಗೆ ಬಗ್ಗುವವೋ ಬಗ್ಗದವೋ ಎಂದು ಕಣ್ಣಿನಿಂದ ಹೇಳಲಾಗುವುದಿಲ್ಲ. ಅದನ್ನು ತಿಳಿಯುವ ಯಂತ್ರ ಆಗ ನಮ್ಮ ಕಡೆ ಇರಲಿಲ್ಲ. ಕೊಟ್ಟು ನೋಡುವುದು, ಕಾಯುವುದು.

ಈ ಸಲ ಮಾತ್ರೆಯ ಜೊತೆ ಸೂಜಿಯೂ ಇತ್ತು. ಸೊಂಟ ಊದಿಕೊಂಡು ಬೆಂಚಿನ ಮೇಲೆ ಓರೆಯಾಗಿ ಕೂರುತ್ತಿದ್ದ. ಮಾತ್ರೆಯ ಬಾಕಿ ಇಲ್ಲದ ಗಿರಿಜಮ್ಮ ಕೆಲಸಕ್ಕೆ ತಡವಾದರೂ ಬರುವಳು, ಇಬ್ರಾಹಿಂ ಕಾಕ ಗ್ಯಾರೇಜು ತೆರೆಯುವ ಮೊದಲು ಬರುವರು. ನಾನು ಲ್ಯಾಬಿನಿಂದ ಹೊರಗೆ ಬರುತ್ತಿದ್ದೆ. ಮಳೆಯ ಎರಚಲು ಕಾಲಿಗೆ ಹೊಡೆಯುತ್ತಿದ್ದರೆ ಕಾಲು ಮೇಲಿಟ್ಟುಕೊಂಡು ಕೂರುತ್ತಿದ್ದೆವು. ಅವನ ಸರದಿ ಬಂದಾಗ ಯಾರೂ ಒತ್ತಾಯಿಸಲಿಲ್ಲ. ಒಂದು ದಿನ ತಾನಾಗಿ, "ಇವತ್ತು ಬೆಳಿಗ್ಗೆ ಎದ್ದಾಗ ಹೆದರಿಕೆ ಆಯ್ತು. ಆದ್ರೂ ಬಂದೆ" ಎಂದ. ಗಿರಿಜಮ್ಮ "ಬಂದ್ಯಲ್ಲ, ಅದೇ ಸಿಕ್ಕಿದ್ದು" ಎಂದಳು.

ಕೆಲವು ತಿಂಗಳ ನಂತರ ಅವನ ಕೆಮ್ಮು ಇಳಿಯಿತು. ಮಧ್ಯದ ಒಂದು ಸ್ಲೈಡಿನಲ್ಲಿ ಇನ್ನೂ ಒಂದೆರಡು ಕಡ್ಡಿ ಕಂಡು ನಮಗೆಲ್ಲ ಊಟ ಸೇರಲಿಲ್ಲ. ಆಮೇಲಿನದರಲ್ಲಿ ಕಾಣಲಿಲ್ಲ. ಚಿಕಿತ್ಸೆ ಪೂರ್ತಿ ಮುಗಿದು ಕೊನೆಯ ಸ್ಲೈಡಿನ ದಿನ ಬಂತು. ನಾನು ಗಾಜಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ನೋಡಿದೆ. ಸಾಲದೆ ಡಾಕ್ಟರನ್ನು ಕರೆದು ತೋರಿಸಿದೆ. ಅವರೂ ನೋಡಿ, "ಹೋಗಿ ಹೇಳಿ" ಎಂದರು.

ಬೆಂಚಿನಲ್ಲಿ ಮೂವರೂ ಕುಳಿತಿದ್ದರು. ಸುರೇಶ ಎದ್ದು ನಿಂತ.

"ಎಂತ ಸಾರ್?"

"ಇಲ್ಲ. ಒಂದೂ ಇಲ್ಲ. ಮುಗೀತು."

ಇಬ್ರಾಹಿಂ ಕಾಕ ಎರಡೂ ಅಂಗೈಗಳಿಂದ ಮುಖ ಸವರಿಕೊಂಡರು. ಗಿರಿಜಮ್ಮ ಸೆರಗಿನ ತುದಿ ಕಣ್ಣಿಗೆ ಒತ್ತಿಕೊಂಡಳು. ಸುರೇಶ ಮಾತ್ರ ನಗಲೂ ಇಲ್ಲ, ಅಳಲೂ ಇಲ್ಲ. ಖಾಲಿಯಾದ ತನ್ನ ಮಾತ್ರೆಯ ಪೆಟ್ಟಿಗೆಯ ಕಡೆ ನೋಡುತ್ತ ನಿಂತ. ಬಹಳ ಮೆಲ್ಲಗೆ ಕೇಳಿದ:

"ಹಾಗಾದ್ರೆ ನಾಡಿದ್ದಿಂದ ನಾನಿಲ್ಲಿಗೆ ಬರ್ಬಾರ್ದಾ?"

ಬೆಂಚ್ ಎಂಬ ಮಾತಿಗೇ ಹೆದರಿ ಓಡಿದ್ದವನು ಅವನು. ಗಿರಿಜಮ್ಮ ಸರಿದು ಪಕ್ಕದ ಹಲಗೆಯ ಮೇಲೆ ಕೈಯಾಡಿಸಿದಳು.

"ಮಾತ್ರೆ ಮುಗ್ದೈತೆ ಕಣೋ, ಉಸ್ರು ಮುಗ್ದಿಲ್ವಲ್ಲ. ಬಾ."

ಒಂದು ದಿನ ಬಿಟ್ಟು ಬೆಳಿಗ್ಗೆ ನಾನು ಲ್ಯಾಬಿನ ಬೀಗ ತೆರೆಯಲು ಹೋದಾಗ ಜಗಲಿಯಲ್ಲಿ ಆಗಲೇ ಒಬ್ಬ ಕುಳಿತಿದ್ದ. ಅವನ ಪಕ್ಕದಲ್ಲಿ ಅಂದೇ ಮೊದಲ ಮಾತ್ರೆಗೆ ಬಂದ ಹೆಂಗಸೊಬ್ಬಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದ್ದಳು. ಸುರೇಶ ಅವಳಿಗೆ ಮೂತ್ರದ ಬಣ್ಣ ಕೆಂಪಾಗುತ್ತದೆ, ಅದಕ್ಕೆ ಹೆದರಬಾರದು ಎಂದು ಹೇಳುತ್ತಿದ್ದ.